ಕೌಂಟಿ ಹುಟ್ಟಿದ ಜಾಗದ ಬೋರ್ಡು

ರಸ್ತೆ ಬದಿಯ ಬೋರ್ಡುಗಳ ಮೇಲೆ ಅವನ್ನು ಮಾಡಿದವರ ಹೆಸರು ಇರುವುದಿಲ್ಲ. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೂ ದಾನಿಗಳ ಹೆಸರು ಬರೆಸುವ ನಾಡಿನಿಂದ ಬಂದ ನನಗೆ ಮೊದಮೊದಲು ಇದು ಅನ್ಯಾಯವೆನಿಸಿತ್ತು. ಆಮೇಲೆ ಅಭ್ಯಾಸವಾಯಿತು. ಈಗ ನಿವೃತ್ತಿಯಾದ ಮೇಲೆ ಕಾರಿನಲ್ಲಿ ಹೋಗುವಾಗ ಕಿಟಕಿಯಾಚೆ ಬೆರಳು ತೋರಿಸಿ ‘ಇದು ನಂದು, ಅದೂ ನಂದು’ ಎನ್ನುತ್ತಿರುತ್ತೇನೆ. ಕಾರು ಓಡಿಸುವ ನಮ್ಮ ಯಜಮಾನರಿಗೆ ಧಾರವಾಡದ ಮಾತು ಇನ್ನೂ ಹೋಗಿಲ್ಲ. “ಸಾಕ ಬಿಡ, ನಿನ್ನ ಬೋರ್ಡ್ ನೋಡಕೋತ ಹೋದ್ರ ಮನಿ ಮುಟ್ಟೂದು ಯಾವಾಗ?” ಎನ್ನುತ್ತಾರೆ. ಎಂದರೂ ಕಾರಿನ ವೇಗವನ್ನು ಸ್ವಲ್ಪ ಕಡಿಮೆ ಮಾಡುತ್ತಾರೆ.

ಇದನ್ನು ಬರೆಯಲು ಕಾರಣ ಮೇಘನಾ. ಬೆಂಗಳೂರಿನಿಂದ ಇಲ್ಲಿ ಸಿಯಾಟಲ್‌ಗೆ ಓದಲು ಬಂದು, ಓದು ಮುಗಿಸಿ, ಕೌಂಟಿಯ ರಸ್ತೆ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ ಹುಡುಗಿ. ಅವಳ ವಯಸ್ಸಿನ ನಮ್ಮ ಕಡೆಯವರೆಲ್ಲ ಸೌತ್ ಲೇಕ್ ಯೂನಿಯನ್‌ನ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳಿಗೆ ಹೋಗುವಾಗ ಇವಳು ಕಿತ್ತಳೆ ಬಣ್ಣದ ವೆಸ್ಟ್ ಹಾಕಿಕೊಂಡು ರಸ್ತೆಗೆ ಹೋಗುತ್ತಾಳೆ. ಇಲ್ಲೇ ಹತ್ತಿರದ ನ್ಯೂಕ್ಯಾಸಲ್‌ನಲ್ಲಿ ಯಾರದೋ ಗೃಹಪ್ರವೇಶದ ಊಟದಲ್ಲಿ ನನ್ನ ಪಕ್ಕ ಬಂದು ಕೂತು, “ಆಂಟಿ, ಟ್ರೇನಿಂಗಲ್ಲಿ ಸಾಫ್ಟ್‌ವೇರ್ ಎಲ್ಲಾ ಹೇಳ್ಕೊಟ್ಟಿದಾರೆ. ಬಟ್ ಕೆಲಸ ಅಂದ್ರೆ ನಿಜವಾಗ್ಲೂ ಏನು ಅಂತ ಯಾರೂ ಹೇಳ್ತಿಲ್ಲ,” ಎಂದಳು. ಬಾಳೆಲೆಯ ಮುಂದೆ ಹೇಳಿ ಮುಗಿಯುವ ಮಾತಾಗಿರಲಿಲ್ಲ. ಬರೆದು ಕೊಡುತ್ತೇನೆ ಎಂದೆ.

ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬಿಡುತ್ತೇನೆ. ಅದರಲ್ಲಿ ಮೇಘನಾಗೂ ಆಸಕ್ತಿಯಿಲ್ಲ, ನನಗೂ ಇಲ್ಲ. ಕೌಂಟಿಯ ಹೆಸರನ್ನೂ ಬಿಡುತ್ತೇನೆ. ಅದು ಸಿಯಾಟಲ್‌ನ ಆಸುಪಾಸಿನದು, ನಮ್ಮ ಕಡೆಯ ಜಿಲ್ಲೆಯ ಹಾಗೆ ಎಂದು ತಿಳಿದರೆ ಸಾಕು.

ಹುಬ್ಬಳ್ಳಿಯ ಪಾಲಿಟೆಕ್ನಿಕ್‌ನಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸು ಮಾಡಿದವಳು ನಾನು. ನಮ್ಮವರಿಗೆ ಇಲ್ಲಿ ವಿಮಾನ ಕಂಪನಿಯಲ್ಲಿ ಕೆಲಸ ಸಿಕ್ಕಿ ಬಂದೆವು. ಕೌಂಟಿಯ ಸೈನ್ ಶಾಪಿನಲ್ಲಿ, ಅಂದರೆ ರಸ್ತೆಯ ಬೋರ್ಡುಗಳನ್ನು ಮಾಡುವ ಕಾರ್ಯಾಗಾರದಲ್ಲಿ, ಅಕ್ಷರ ಬಿಡಿಸಲು ಬರುವವರು ಬೇಕೆಂದು ತಿಳಿದು ಅರ್ಜಿ ಹಾಕಿದೆ. ಆಗಿನ ಮೇಸ್ತ್ರಿ ಗಸ್. ದಪ್ಪ ಮೀಸೆ, ದೊಡ್ಡ ಕೈ, ಸದಾ ಸೀಡರ್ ಮರದ ಹೊಟ್ಟಿನ ವಾಸನೆ. ಸಂದರ್ಶನದಲ್ಲಿ ಪ್ರಶ್ನೆ ಏನೂ ಕೇಳಲಿಲ್ಲ. ಒಂದು ಪೆನ್ಸಿಲ್ ಕೊಟ್ಟು, “ನಿನ್ನ ಹೆಸರನ್ನ ದೊಡ್ಡದಾಗಿ ಬರಿ” ಎಂದ. ವಿಜಯಾ ಎಂದು ಇಂಗ್ಲಿಷಿನಲ್ಲಿ ಬರೆದೆ. ಅವನು ಹಾಳೆಯನ್ನು ತಲೆಕೆಳಗು ಮಾಡಿ ಬಹಳ ಹೊತ್ತು ನೋಡಿದ.

“ನಿನ್ನ ಜೆ ಮತ್ತು ಎ ಜಗಳ ಆಡ್ಕೊಂಡು ದೂರ ಕೂತಿವೆ,” ಎಂದ. “ಅದನ್ನ ಸರಿ ಮಾಡ್ಬಹುದು. ಸೋಮವಾರ ಬಾ.”

ಬೋರ್ಡನ್ನು ತಲೆಕೆಳಗಾಗಿ ನೋಡುವುದನ್ನು ಗಸ್ ನನಗೆ ಕಲಿಸಿದ ಮೊದಲ ಪಾಠ ಎನ್ನಬೇಕು. ನೇರವಾಗಿ ನೋಡಿದರೆ ಕಣ್ಣು ಪದವನ್ನು ಓದಿಬಿಡುತ್ತದೆ, ಅಕ್ಷರಗಳನ್ನು ನೋಡುವುದಿಲ್ಲ. ತಲೆಕೆಳಗು ಮಾಡಿದರೆ ಅರ್ಥ ಹೋಗಿ ಆಕಾರ ಮಾತ್ರ ಉಳಿಯುತ್ತದೆ. ಎಲ್ಲಿ ಸಂದು ಹೆಚ್ಚಾಯಿತು, ಎಲ್ಲಿ ಇಕ್ಕಟ್ಟಾಯಿತು ಎಂಬುದು ಥಟ್ಟನೆ ಕಾಣುತ್ತದೆ. ಆಮೇಲೆ ಕಂಪ್ಯೂಟರು ಬಂತು, ಅಕ್ಷರಗಳ ನಡುವಿನ ಅಂತರವನ್ನು ಅದೇ ಲೆಕ್ಕ ಹಾಕತೊಡಗಿತು. ಆದರೂ ನಾನು ಪರದೆಯ ಮೇಲಿನ ಚಿತ್ರವನ್ನು ಒಮ್ಮೆ ತಿರುಗಿಸಿ ನೋಡದೆ ಯಾವ ಬೋರ್ಡನ್ನೂ ಕತ್ತರಿಸಲು ಬಿಟ್ಟವಳಲ್ಲ. ಹೊಸ ಹುಡುಗರು ನಗುತ್ತಿದ್ದರು. ಕೆಲವು ತಿಂಗಳಲ್ಲಿ ಅವರೂ ತಿರುಗಿಸುತ್ತಿದ್ದರು.

ನಮ್ಮ ಶಾಪಿನಲ್ಲಿ ತಯಾರಾಗುತ್ತಿದ್ದುದು ಹೆಚ್ಚಾಗಿ ಅಲ್ಯೂಮಿನಿಯಂ ತಗಡಿನ ಬೋರ್ಡುಗಳು: ನಿಲ್ಲಿ, ನಿಧಾನ, ಶಾಲೆ ಇದೆ, ಮುಂದೆ ತಿರುವು. ಅವನ್ನು ಓದಲು ಓಡಿಸುವವರಿಗೆ ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಮರದ ಬೋರ್ಡುಗಳು ಬೆರಳೆಣಿಕೆಯಷ್ಟು, ಅವುಗಳಲ್ಲಿ ಮುಖ್ಯವಾದದ್ದು ಒಂದು. ಹೊಳೆಯ ಪಕ್ಕದ ಹೆದ್ದಾರಿಯಲ್ಲಿ ಕಾರು ನಿಲ್ಲಿಸಲು ಜಾಗ ಬಿಟ್ಟ ಕಡೆ, ಎರಡು ದಪ್ಪ ಕಂಬಗಳ ನಡುವೆ ಸೀಡರ್ ಹಲಗೆ, ಅದರಲ್ಲಿ ಕೊರೆದು ಹಳದಿ ಬಣ್ಣ ತುಂಬಿದ ಅಕ್ಷರಗಳು. ನಮ್ಮ ಕೌಂಟಿ ಸ್ಥಾಪನೆಯಾದದ್ದು ಈ ಸ್ಥಳದಲ್ಲಿ ಎಂದು ತಿಳಿಸುವ ಬೋರ್ಡು.

ಅದರ ಪರಿಚಯ ನನಗಾದದ್ದೇ ಒಂದು ಎಡವಟ್ಟಿನಿಂದ. ನಾನು ಸೇರಿದ ಹೊಸತರಲ್ಲಿ, ಹಿಮ ಬಿದ್ದ ಒಂದು ಬೆಳಿಗ್ಗೆ ಮರದ ದಿಮ್ಮಿಗಳ ಲಾರಿ ಜಾರಿ ಅದನ್ನು ಉರುಳಿಸಿತು. ಹಲಗೆಗೆ ಹೆಚ್ಚು ಪೆಟ್ಟಾಗಿರಲಿಲ್ಲ. ಮತ್ತೆ ನಿಲ್ಲಿಸುವ ನಕ್ಷೆಯನ್ನು ಗಸ್ ನನಗೆ ವಹಿಸಿದ. ನಾನು ಪುಸ್ತಕದ ನಿಯಮವನ್ನೆಲ್ಲ ನೋಡಿ, ಬರುವ ವಾಹನಗಳಿಗೆ ಎದುರಾಗಿ, ನಿಯಮದ ಕೋನದಲ್ಲಿ ಅಚ್ಚುಕಟ್ಟಾಗಿ ನಿಲ್ಲಿಸಿದೆ. ಹೆಮ್ಮೆಯಿಂದ ಗಸ್‌ನನ್ನು ಕರೆದೊಯ್ದು ತೋರಿಸಿದೆ.

ಅವನು ಕಾರಿನಿಂದ ಇಳಿಯಲೇ ಇಲ್ಲ. “ಓದು ನೋಡೋಣ,” ಎಂದ.

ಇಳಿದು ಹೋಗಿ ಓದಲು ನಿಂತೆ. ಹಿಂದಿನಿಂದ ಲಾರಿಯೊಂದು ಹಾರ್ನ್ ಮಾಡುತ್ತ ಹೋದ ರಭಸಕ್ಕೆ ನನ್ನ ಟೋಪಿ ಹಾರಿತು. ಬೋರ್ಡನ್ನು ಎದುರಿನಿಂದ ಓದಬೇಕಾದರೆ ಓದುವವರು ರಸ್ತೆಯ ಮೇಲೇ ನಿಲ್ಲಬೇಕಾಗಿತ್ತು.

“ಇದು ಸ್ಟಾಪ್ ಸೈನ್ ಅಲ್ಲ, ವಿಜಯಾ,” ಎಂದ ಗಸ್, ಕೊನೆಗೂ ಕಾರಿನಿಂದ ಇಳಿದು ಬಂದು ಟೋಪಿ ಎತ್ತಿ ಕೊಡುತ್ತ. “ಸ್ಟಾಪ್ ಸೈನ್ ಓಡ್ತಿರೋರಿಗೆ. ಇದು ಆಗ್ಲೇ ನಿಂತಿರೋರಿಗೆ.”

ಅದೇ ದಿನ ಮಧ್ಯಾಹ್ನ ಕಂಬ ಕಿತ್ತು ತಿರುಗಿಸಿ ನೆಟ್ಟೆವು. ಗಸ್ ಬಯ್ಯಲಿಲ್ಲ, ವರದಿ ಬರೆಯಲಿಲ್ಲ, ಗುದ್ದಲಿ ಹಿಡಿದು ನನ್ನ ಜೊತೆ ಅಗೆದ. ಒಳ್ಳೆಯ ಮೇಲಧಿಕಾರಿ ಎಂದರೆ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನನಗೆ ಆ ಗುದ್ದಲಿ ನೆನಪಾಗುತ್ತದೆ.

ಅಂದಿನಿಂದ ಊಟದ ಡಬ್ಬಿ ಹಿಡಿದು ಆ ಜಾಗದಲ್ಲಿ ಕೂರುವುದು ನನ್ನ ರೂಢಿಯಾಯಿತು. ಜನ ಹೇಗೆ ಓದುತ್ತಾರೆ ಎಂದು ನೋಡುತ್ತಿದ್ದೆ. ಕಾಫಿ ಆರುವವರೆಗೆ ಓದುವವರು, ನಾಯಿ ಎಳೆಯುವವರೆಗೆ ಓದುವವರು, ಶೀರ್ಷಿಕೆ ನೋಡಿ ಫೋಟೊ ತೆಗೆದು ಹೋಗುವವರು. ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವ ತಾಯಂದಿರು. ಮೇಘನಾ, ನಿನ್ನ ಕೆಲಸವನ್ನು ನೀನು ಆಫೀಸಿನಲ್ಲಿ ಮಾಡುತ್ತೀಯ, ಆದರೆ ಅದು ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಅಲ್ಲಿಗೆ ಹೋಗಿ ಕೂರಬೇಕು.

ಗಸ್ ನಿವೃತ್ತನಾದ. ಕೈಯಿಂದ ಬಣ್ಣ ತುಂಬುವುದು ಹೋಗಿ ಹೊಳೆಯುವ ಹಾಳೆ ಅಂಟಿಸುವುದು ಬಂತು. ಚಾಕು ಹೋಗಿ ಯಂತ್ರ ಬಂತು. ಮೊದಲು ಒಂದು ವಾರ ಹಿಡಿಯುತ್ತಿದ್ದ ಬೋರ್ಡು ಊಟದ ಹೊತ್ತಿಗೆ ಸಿದ್ಧವಾಗತೊಡಗಿತು. ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುವವಳಲ್ಲ ನಾನು. ಬೆನ್ನುನೋವು ಕಡಿಮೆಯಾಯಿತು, ಬಣ್ಣದ ಘಾಟು ಹೋಯಿತು, ಮಂಜಿನಲ್ಲೂ ಬೋರ್ಡುಗಳು ಫಳಫಳ ಹೊಳೆದವು. ಮರದ ಬೋರ್ಡು ಮಾತ್ರ ಹಾಗೇ ಉಳಿಯಿತು. ಪ್ರತಿ ಬೇಸಿಗೆ ಅದರ ಪಾಚಿ ಉಜ್ಜಿ, ಅಕ್ಷರಗಳಿಗೆ ಹಳದಿ ತುಂಬುವ ಕೆಲಸವನ್ನು ನಾನೇ ಇಟ್ಟುಕೊಂಡಿದ್ದೆ.

ನನ್ನ ನಿವೃತ್ತಿ ಹತ್ತಿರವಾದಾಗ ಆ ಹೆದ್ದಾರಿಯನ್ನು ಅಗಲ ಮಾಡುವ ತೀರ್ಮಾನವಾಯಿತು. ಪಕ್ಕದ ಲಿನ್‌ವುಡ್ ಊರಿಗೆ ಸಿಯಾಟಲ್‌ನ ರೈಲು ಬಂದ ಮೇಲೆ ಸುತ್ತಲೂ ಅಪಾರ್ಟ್‌ಮೆಂಟುಗಳೆದ್ದು ನಮ್ಮ ರಸ್ತೆಗಳಲ್ಲೂ ಕಾರುಗಳು ಹೆಚ್ಚಿದ್ದವು. ಬೋರ್ಡನ್ನು ಹಿಂದಕ್ಕೆ ಸರಿಸಬೇಕಿತ್ತು. ಹಳೆಯ ಹಲಗೆ ಒಳಗೊಳಗೇ ಮೆತ್ತಗಾಗಿದ್ದರಿಂದ ಅದೇ ಬರಹದ ಹೊಸ ಹಲಗೆ ಮಾಡಿ ಎಂದು ಆದೇಶ ಬಂತು. ಹಳೆಯದನ್ನು ಬಿಚ್ಚುವ ಮೊದಲೇ ಡಾರ್ಲೀನ್ ಶಾಪಿಗೆ ಬಂದರು.

ಡಾರ್ಲೀನ್ ಈ ಹೊಳೆಯ ದಂಡೆಯ ಮೂಲನಿವಾಸಿ ಬುಡಕಟ್ಟಿನವರು. ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ತೆಳ್ಳಗಿನ ಹೆಂಗಸು, ತಗ್ಗಿದ ದನಿ. ಬೋರ್ಡಿನ ಫೋಟೊವನ್ನು ಮೇಜಿನ ಮೇಲಿಟ್ಟು ಒಂದು ಪದದ ಮೇಲೆ ಬೆರಳಿಟ್ಟರು.

“ಇದನ್ನ ತೆಗೀಬೇಕು. ಹೊಸದೇನೂ ಸೇರಿಸೋದು ಬೇಡ. ಇದೊಂದು ಪದ ತೆಗೆದ್ರೆ ಸಾಕು.”

ಆ ವಾಕ್ಯಕ್ಕೆ ನಾನು ಎಷ್ಟು ಬೇಸಿಗೆ ಬಣ್ಣ ತುಂಬಿದ್ದೆನೋ. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ಹೊಳೆಯ ದಂಡೆಯ ಈ ನಿರ್ಜನ ಕಾಡಿನಲ್ಲಿ ಮೊದಲ ನೆಲೆಗಾರರು ಸಭೆ ಸೇರಿ ನಮ್ಮ ಕೌಂಟಿಯನ್ನು ಸ್ಥಾಪಿಸಿದರು.’ ಡಾರ್ಲೀನ್‌ರ ಬೆರಳು ‘ನಿರ್ಜನ’ದ ಮೇಲಿತ್ತು.

“ಆ ಸಭೆ ನಡೆದ ಮನೆ ಇತ್ತಲ್ಲ,” ಎಂದರು, “ಅದ್ರ ಕೆಳಗಡೇನೇ ನಮ್ಮಜ್ಜಿಯ ಅಜ್ಜಿಯವರ ಚಳಿಗಾಲದ ಮನೆಗಳಿದ್ದವು. ಆ ಮನೆಗಳ ಹೊಗೆ ಕಾಣಿಸ್ತಿತ್ತು ಸಭೆ ಸೇರಿದವ್ರಿಗೆ. ಅವ್ರು ಅಲ್ಲಿಂದ ಮೀನು ಕೊಂಡು ತಿಂದಿದಾರೆ.”

ಅಕ್ಷರಗಳನ್ನು ತಲೆಕೆಳಗಾಗಿ ನೋಡುವುದನ್ನು ಅಷ್ಟು ಚೆನ್ನಾಗಿ ಕಲಿತಿದ್ದ ನನಗೆ ಆ ವಾಕ್ಯವನ್ನು ಒಮ್ಮೆಯೂ ನೇರವಾಗಿ ಓದಬೇಕೆನಿಸಿರಲಿಲ್ಲ. ಆದರೆ ಬರಹ ನಮ್ಮ ಕೈಯಲ್ಲಿರಲಿಲ್ಲ. ಹಲಗೆ, ಕಂಬ, ಬಣ್ಣ ಕೌಂಟಿಯದು; ಬರಹ ಊರಿನ ಇತಿಹಾಸ ಸಂಘದ್ದು. ಸಂಘದ ಅಧ್ಯಕ್ಷರು ವಾಲ್ಟರ್. ಹಸು ಸಾಕಿ ಬಾಳಿದ ಆಜಾನುಬಾಹು ಮುದುಕ. ಆ ಮೊದಲ ಸಭೆಯಲ್ಲಿ ಕೂತಿದ್ದವರಲ್ಲಿ ಅವರ ಮುತ್ತಾತ ಒಬ್ಬರು, ಬೋರ್ಡಿನಲ್ಲಿ ಆ ವಾಕ್ಯದ ಕೆಳಗೆ ಮುತ್ತಾತನ ಹೆಸರಿತ್ತು.

ಶಾಪಿನಲ್ಲಿ ನನ್ನ ಕೈಕೆಳಗಿದ್ದ ಟೈಲರ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಡಾರ್ಲೀನ್ ಹೋದ ಮೇಲೆ ಹತ್ತಿರ ಬಂದು, “ಇದು ಸುಲಭ,” ಎಂದ. “ಹೊಸ ಹಲಗೆಯಲ್ಲಿ ಆ ಪದಾನ ಕೊರೆಯೋಣ, ಆದ್ರೆ ಬಣ್ಣ ತುಂಬೋದು ಬೇಡ. ಒಂದು ಮಳೆಗಾಲ ಕಳೆದ್ರೆ ಪಾಚಿ ಮುಚ್ಕೊಳತ್ತೆ. ಯಾರಿಗೂ ಗೊತ್ತಾಗಲ್ಲ.”

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನಗೂ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಬೇಡವೆಂದೆ. “ಬೋರ್ಡು ಬಹಿರಂಗದಲ್ಲಿ ನಿಲ್ಲೋ ವಸ್ತು ಟೈಲರ್. ನಾವು ಗುಟ್ಟಾಗಿ ಒಂದು ಪದ ಮುಚ್ಚಿದ್ರೆ, ನಾಳೆ ಇನ್ಯಾರೋ ಗುಟ್ಟಾಗಿ ಇನ್ನೊಂದು ಮುಚ್ತಾರೆ. ತೆಗೆಯೋದಾದ್ರೆ ಎಲ್ಲರೆದುರು ತೆಗೀಬೇಕು.”

ಇಲಾಖೆಯ ಮುಖ್ಯಸ್ಥೆ ಲಿಂಡಾ ಬಳಿ ಹೋದೆ. ಆಕೆಗೆ ಇನ್ನೂ ನೂರು ತಲೆಬಿಸಿಗಳಿದ್ದವು. “ವಿಜಯಾ, ನಿವೃತ್ತಿ ಹೊತ್ತಲ್ಲಿ ಇದು ಬೇಕಾ ನಿಂಗೆ?” ಎಂದಳು. ಆಮೇಲೆ, “ಹೊಸ ಜಾಗ ಗುರುತು ಮಾಡೋಕೆ ವಾಲ್ಟರ್ ಒಪ್ಪಿಗೆ ಬೇಕೇ ಬೇಕು. ಅಲ್ಲಿಗೆ ಕರಿ. ಡಾರ್ಲೀನ್‌ನೂ ಕರಿ. ಮಾತಾಡ್ಕೊಳ್ಳಲಿ. ನೀನು ಯಾರ ಪಕ್ಷಾನೂ ವಹಿಸ್ಬೇಡ,” ಎಂದಳು.

ಬೋರ್ಡಿನ ಬಳಿ ಸೇರಿದ ದಿನ ಬೆಳಿಗ್ಗೆ ಇಲ್ಲಿಯ ಮಾಮೂಲಿ ಜಿನುಗು ಮಳೆ. ಕೊಡೆ ಬಿಚ್ಚಿದರೆ ನಾಚಿಕೆ, ಬಿಚ್ಚದಿದ್ದರೆ ಒದ್ದೆ. ನಾನು ಹೊಸ ಜಾಗದಲ್ಲಿ ನೆಡಬೇಕಾದ ಗುರುತಿನ ಗೂಟ ಹಿಡಿದು ನಿಂತಿದ್ದೆ. ವಾಲ್ಟರ್ ಮತ್ತು ಡಾರ್ಲೀನ್ ಒಬ್ಬರಿಗೊಬ್ಬರು ಹೊಸಬರಲ್ಲ. ವಾಲ್ಟರ್‌ರ ಹೆಂಡತಿ ಕಾಯಿಲೆಯಿಂದ ಮಲಗಿದ್ದಾಗ ಡಾರ್ಲೀನ್ ಅವರನ್ನು ನೋಡಿಕೊಂಡಿದ್ದರು. ಇಬ್ಬರೂ ಒಬ್ಬರ ಯೋಗಕ್ಷೇಮ ಇನ್ನೊಬ್ಬರು ಕೇಳಿ, ಆಮೇಲೆ ಬೋರ್ಡಿನ ಕಡೆ ತಿರುಗಿದರು.

“ನಮ್ಮ ಮುತ್ತಾತ ಕೊಡಲಿ ಹಿಡ್ಕೊಂಡು ಬಂದವ್ರು,” ಎಂದರು ವಾಲ್ಟರ್. “ಈ ಪದ ತೆಗೆದ್ರೆ ಬೋರ್ಡ್ ಏನು ಹೇಳತ್ತೆ? ಇನ್ನೊಬ್ಬರ ಮನೇಲಿ ಬಂದು ಕೂತ್ರು ಅಂತ ತಾನೇ?”

“ಅದನ್ನ ಬೋರ್ಡ್ ಹೇಳ್ಬೇಕಾಗಿಲ್ಲ ವಾಲ್ಟರ್,” ಎಂದರು ಡಾರ್ಲೀನ್. “ಯಾರೂ ಇರ್ಲಿಲ್ಲ ಅಂತ ಹೇಳದಿದ್ರೆ ಸಾಕು.”

ವಾಲ್ಟರ್ ತಲೆ ಅಡ್ಡ ಆಡಿಸಿದರು. ಆಗ ಕಾರೊಂದು ಬಂದು ನಿಂತಿತು. ಇಳಿದವನು ಮೂವತ್ತರ ಆಸುಪಾಸಿನ ಯುವಕ, ಕೊರಳಲ್ಲಿ ಕಂಪನಿಯ ಬ್ಯಾಡ್ಜು. ಹಿಂದೆ ಅವನ ತಂದೆಯಿರಬೇಕು, ಮಗನದೇ ಆದ ದೊಡ್ಡ ಮಳೆಯಂಗಿಯೊಳಗೆ ಕೈಗಳು ಕಾಣದಂತೆ ಮುಳುಗಿದ್ದ ವಯಸ್ಸಾದವರು. ಇಬ್ಬರೂ ಬೋರ್ಡಿನ ಮುಂದೆ ನಿಂತರು.

“ಏನಂತೋ ಇದು?” ಎಂದರು ತಂದೆ. ಕನ್ನಡ!

“ಈ ಡಿಸ್ಟ್ರಿಕ್ಟ್ ಶುರುವಾಗಿದ್ದು ಇಲ್ಲೇ ಅಂತೆ ಅಪ್ಪ. ಆಗ ಇಲ್ಲಿ ಬರೀ ಕಾಡಂತೆ, ಯಾರೂ ಇರ್ಲಿಲ್ವಂತೆ. ಒಂದಷ್ಟು ಜನ ಬಂದು ಮೀಟಿಂಗ್ ಮಾಡಿ ಸ್ಟಾರ್ಟ್ ಮಾಡಿದ್ರಂತೆ.”

ತಂದೆ ಬೋರ್ಡನ್ನು ಬಿಟ್ಟು ಕೆಳಗೆ ಹರಿಯುತ್ತಿದ್ದ ಹೊಳೆಯನ್ನು ನೋಡಿದರು. “ಯಾರೂ ಇರ್ಲಿಲ್ವಾ? ಇಷ್ಟು ಚೆನ್ನಾಗಿರೋ ಹೊಳೆ ಪಕ್ಕ ಯಾರೂ ಇರ್ಲಿಲ್ಲ ಅಂದ್ರೆ ಹೇಗೋ? ಸರಿಯಾಗಿ ಓದು.”

ನನಗೆ ನಗು ತಡೆಯಲಾಗಲಿಲ್ಲ. ಕಿತ್ತಳೆ ವೆಸ್ಟಿನ ಹೆಂಗಸು ತಮ್ಮ ಮಾತಿಗೆ ನಕ್ಕಿದ್ದು ಕಂಡು ಯುವಕ ಬೆಚ್ಚಿದ. “ಅಯ್ಯೋ, ನೀವು ಕನ್ನಡದವ್ರಾ?”

“ಹೌದಪ್ಪಾ, ಈ ಬೋರ್ಡ್ ನೋಡ್ಕೊಳ್ಳೋಳು ನಾನೇ.”

ವಾಲ್ಟರ್‌ಗೆ ಕುತೂಹಲ. “ಏನಂದ್ರು ಅವರು?”

ಪಕ್ಷ ವಹಿಸಬೇಡವೆಂದು ಲಿಂಡಾ ಹೇಳಿದ್ದಳು. ಆದರೆ ಕೇಳಿದ್ದನ್ನು ಇದ್ದ ಹಾಗೆ ಹೇಳುವುದು ಪಕ್ಷ ವಹಿಸಿದಂತಲ್ಲ ಎಂದುಕೊಂಡು, ಆ ಹಿರಿಯರ ಮಾತನ್ನು ಹಾಗೇ ಇಂಗ್ಲಿಷಿನಲ್ಲಿ ಹೇಳಿದೆ. ವಾಲ್ಟರ್ ನಕ್ಕರು. ನಗು ಬೇಗ ನಿಂತಿತು. ಆ ಹಿರಿಯರು ವಾಲ್ಟರ್‌ರನ್ನೇ ನೋಡುತ್ತಿದ್ದರು. ಈ ಊರಿನ ಹಳಬರು, ಇವರಿಗೆ ಗೊತ್ತಿದ್ದೀತು ಎಂಬಂತೆ ಉತ್ತರಕ್ಕೆ ಕಾಯುತ್ತಿದ್ದರು. ಪಕ್ಕದಲ್ಲಿ ಡಾರ್ಲೀನ್ ಮಳೆಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು.

ವಾಲ್ಟರ್ ಟೋಪಿ ತೆಗೆದು ನೀರು ಕೊಡವಿದರು. ಮತ್ತೆ ಹಾಕಿಕೊಂಡರು.

“ಅವರಿಗೆ ಹೇಳು,” ಎಂದರು ನನಗೆ. “ಜನ ಇದ್ರು ಅಂತ. ಇವಳ ಜನ.”

ನಾನು ಹೇಳಿದೆ. ಹಿರಿಯರು ಡಾರ್ಲೀನ್ ಕಡೆ ತಿರುಗಿ, ಉದ್ದನೆಯ ತೋಳುಗಳೊಳಗೇ ಕೈ ಜೋಡಿಸಿದರು. “ಅದೇ ಮತ್ತೆ,” ಎಂದರು ಮಗನಿಗೆ. “ನಾ ಹೇಳ್ಲಿಲ್ವಾ.”

ಅವರು ಹೋದ ಮೇಲೆ ವಾಲ್ಟರ್ ಸಿಡುಕಿದರು. “ನಾನೇನೂ ಒಪ್ಪಿಲ್ಲ ಇನ್ನೂ,” ಎಂದು ತಮ್ಮ ಟ್ರಕ್ ಹತ್ತಿ ಹೊರಟೇಬಿಟ್ಟರು. ಗೂಟ ನನ್ನ ಕೈಯಲ್ಲೇ ಉಳಿಯಿತು. ನನಗೆ ಬೇಸರವಾಯಿತು. ಡಾರ್ಲೀನ್ ಮಾತ್ರ, “ಅವನ್ನ ಬಿಡು, ಅವನಿಗೆ ಹಸು ಹಾಲು ಕರೆಯೋ ಹೊತ್ತಿನಷ್ಟು ಸಮಯ ಬೇಕು,” ಎಂದು ನಕ್ಕರು.

ಅದಕ್ಕಿಂತ ಹೆಚ್ಚೇ ಬೇಕಾಯಿತು. ಕಾಮಗಾರಿಯ ದಿನ ಹತ್ತಿರವಾಗುತ್ತ ಬಂತು. ಹಳೆಯ ಬರಹವನ್ನೇ ಕೊರೆದುಬಿಡಿ ಎಂದು ಮೇಲಿನಿಂದ ಒತ್ತಡ ಶುರುವಾಯಿತು. ಹಲಗೆ ಸಿದ್ಧವಾಗಿ ಮೇಜಿನ ಮೇಲೆ ಮಲಗಿತ್ತು. ನಾನು ಯಂತ್ರದ ದುರಸ್ತಿ, ಹಲಗೆ ಇನ್ನೂ ಒಣಗಿಲ್ಲ, ಎಂದು ಏನೇನೋ ನೆಪ ಮುಂದೆ ಮಾಡಿ ದಿನ ದೂಡಿದೆ. ಕೊನೆಗೆ ಒಂದು ಬೆಳಿಗ್ಗೆ ವಾಲ್ಟರ್‌ರ ಫೋನು.

“ಆ ಪದ ತೆಗಿ. ಸಂಘದವರಿಗೂ ಹೇಳಿದೀನಿ, ಒಪ್ಪಿದಾರೆ. ಆದ್ರೆ ನಮ್ಮ ಮುತ್ತಾತನ ಹೆಸರು ಎಲ್ಲಿದೆಯೋ ಅಲ್ಲೇ ಇರ್ಬೇಕು.”

“ಇರತ್ತೆ. ಆದ್ರೆ ಪದ ತೆಗೆದ್ರೆ ಸಾಲು ಗಿಡ್ಡ ಆಗತ್ತೆ, ಹಂಚಿ ಬರೀಬೇಕು,” ಎಂದೆ. ಕಸುಬಿನವಳ ಬಾಯಿಯಲ್ಲಿ ಮೊದಲು ಬಂದದ್ದೇ ಅದು.

ಆ ಕಡೆ ವಾಲ್ಟರ್ ಕಾಗದ ತಿರುವಿದ ಸದ್ದು. “ಬರೀ ‘ಹೊಳೆಯ ದಂಡೆ’ ಅಂತಿದೆಯಲ್ಲ, ಆ ಹೊಳೆಗೆ ಅವರ ಭಾಷೇಲಿ ಹೆಸರಿದೆ. ಡಾರ್ಲೀನ್‌ನ ಕೇಳು. ಅದನ್ನ ಹಾಕು ಆ ಜಾಗದಲ್ಲಿ.”

ಡಾರ್ಲೀನ್ ಕೇಳಿದ್ದು ಒಂದು ಪದ ತೆಗೆಯುವುದನ್ನು ಮಾತ್ರ. ಒಂದು ಪದವನ್ನು ಕೊಟ್ಟವರು ವಾಲ್ಟರ್. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ಆಮೇಲೆ ಪತ್ರಿಕೆಯಲ್ಲಿ ಬಂದ ಸುದ್ದಿಯಲ್ಲಿ ಅದು ಇರಲಿಲ್ಲ.

ಹೊಳೆಯ ಹೆಸರನ್ನು ಡಾರ್ಲೀನ್‌ರ ಚಿಕ್ಕಮ್ಮ ಬರೆದು ಕಳಿಸಿದರು. ಮಕ್ಕಳಿಗೆ ಆ ಭಾಷೆ ಕಲಿಸುವ ವೃದ್ಧೆ. ಅದನ್ನು ನೋಡಿ ಟೈಲರ್ ತಲೆ ಕೆರೆದುಕೊಂಡ. ನಮ್ಮ ಯಂತ್ರದಲ್ಲಿ ಆ ಅಕ್ಷರಗಳೇ ಇರಲಿಲ್ಲ. ಒಂದು ಬುಡದ ಚುಕ್ಕಿಯಿಲ್ಲದ ಪ್ರಶ್ನೆ ಚಿಹ್ನೆಯಂತಿತ್ತು, ಒಂದು ತಲೆಕೆಳಗಾದ ಇಂಗ್ಲಿಷ್ ಇ, ಒಂದರ ಹೆಗಲ ಮೇಲೆ ಕೂಸಿನಂತೆ ಪುಟ್ಟ ಡಬ್ಲ್ಯು. ಕಂಪ್ಯೂಟರಿನಲ್ಲಿ ಬೇರೆ ಶೈಲಿಯಲ್ಲಿ ಸಿಕ್ಕ ಅವೇ ಅಕ್ಷರಗಳನ್ನು ಟೈಲರ್ ಹಾಕಿ ನೋಡಿದ. ನಮ್ಮ ದಪ್ಪ ಅಕ್ಷರಗಳ ನಡುವೆ ಅವು ಯಾರದೋ ಮದುವೆಗೆ ಬಂದ ಅಪರಿಚಿತರ ಹಾಗೆ ಕಂಡವು.

ಲಿಂಡಾ ಬಂದು ನೋಡಿ, “ಗುರುತೆಲ್ಲ ಬಿಟ್ಟು ಸಾದಾ ಇಂಗ್ಲಿಷ್ ಅಕ್ಷರದಲ್ಲಿ ಬರೀರಿ. ಓದೋರಿಗೆ ಏನು ಗೊತ್ತಾಗತ್ತೆ?” ಎಂದಳು.

“ಲಿಂಡಾ, ನನ್ನ ಭಾಷೇಲಿ ಹಳ್ಳಿ ಅಂತ ಪದ ಇದೆ, ಜನ ವಾಸ ಮಾಡೋ ಊರು. ಅದರಲ್ಲಿ ನಾಲಿಗೆ ಸ್ವಲ್ಪ ಮಡಿಸ್ಬೇಕು. ಮಡಿಸದೆ ಹಲ್ಲಿ ಅಂದ್ರೆ, ಗೋಡೆ ಮೇಲೆ ಓಡಾಡೋ ಪ್ರಾಣಿ,” ಎಂದೆ.

ಲಿಂಡಾ ಎರಡನ್ನೂ ಹೇಳಲು ನೋಡಿದಳು. ಎರಡೂ ಹಲ್ಲಿಯೇ ಆದವು. ನಗುತ್ತ, “ಸರಿ, ನಿನಗೆ ತೋಚಿದ ಹಾಗೆ ಮಾಡು. ಆದ್ರೆ ತಾರೀಖು ತಪ್ಪಬಾರದು,” ಎಂದು ಹೋದಳು.

ನಾನು ಎಷ್ಟೋ ವರ್ಷಗಳಿಂದ ಮುಟ್ಟದಿದ್ದ ಟ್ರೇಸಿಂಗ್ ಪೇಪರು ಹಾಸಿ, ನಮ್ಮ ಅಕ್ಷರಗಳ ದಪ್ಪ, ಬಾಗು ನೋಡಿಕೊಂಡು ಹೊಸವನ್ನು ಅವುಗಳ ಒಡಹುಟ್ಟಿದವರಂತೆ ಬಿಡಿಸಿದೆ. ಹಾಳೆಯನ್ನು ತಲೆಕೆಳಗು ಮಾಡಿ ನೋಡಿದೆ. ಚೆನ್ನಾಗಿತ್ತು. ಚಿಕ್ಕಮ್ಮನಿಗೆ ತೋರಿಸಲು ಒಯ್ದೆ. ಆಕೆ ಕನ್ನಡಕ ಏರಿಸಿ, ಬೆರಳಿನಿಂದ ಒಂದೊಂದೇ ಅಕ್ಷರ ಸವರಿಕೊಂಡು ಹೋಗಿ, ಕೊನೆಯದರ ಮೇಲೆ ನಿಂತರು.

“ಇದರ ತಲೆ ಮೇಲೆ ಅಲ್ಪವಿರಾಮದಂಥದ್ದು ಒಂದಿತ್ತಲ್ಲ, ಎಲ್ಲಿ ಹೋಯ್ತು?”

ನಾನು ಅದನ್ನು ಜೆರಾಕ್ಸ್ ಯಂತ್ರದ ಧೂಳು ಎಂದುಕೊಂಡು ಬಿಟ್ಟುಬಿಟ್ಟಿದ್ದೆ! ಲಿಂಡಾಗೆ ಅಷ್ಟು ದೊಡ್ಡ ಪಾಠ ಹೇಳಿ ಬಂದ ನನ್ನ ಮುಖ ಬಿಸಿಯಾಯಿತು. ಹಲ್ಲಿಯ ಕಥೆಯನ್ನೂ ನನ್ನ ಧೂಳಿನ ಕಥೆಯನ್ನೂ ಆಕೆಗೆ ಹೇಳಿದೆ. ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಆ ಗುರುತು ಇದ್ದಾಗ ಗಂಟಲು ಹೇಗೆ ಬಿಗಿದು ಬಿಡುತ್ತದೆ ಎಂದು ನನ್ನ ಕೈಯನ್ನು ತಮ್ಮ ಕೊರಳ ಮೇಲಿಟ್ಟುಕೊಂಡು ಹೇಳಿ ತೋರಿಸಿದರು.

ಉಳಿದ ಸಾಲುಗಳನ್ನೆಲ್ಲ ಯಂತ್ರ ಕೊರೆಯಿತು. ಆ ಪುಟ್ಟ ಗುರುತುಗಳಿಗಿಂತ ಯಂತ್ರದ ಮೊನೆಯೇ ದಪ್ಪ. ಬೇರೆ ತುಂಡಿನ ಮೇಲೆ ಪ್ರಯತ್ನಿಸಿದಾಗ ಸೀಡರ್ ಸಿಬಿರೆದ್ದಿತು. ಹಾಗಾಗಿ ಹೊಳೆಯ ಹೆಸರನ್ನು ಉಳಿಯಿಂದ ನಾನೇ ಕೊರೆದೆ. ಟೈಲರ್ ದೀಪ ಹಿಡಿದ. ಕೈ ತಪ್ಪಿದರೆ ಇಡೀ ಹಲಗೆ ಹಾಳು. ಆ ಕೊನೆಯ ಅಕ್ಷರದ ತಲೆಯ ಮೇಲಿನ ಗುರುತು ಅಕ್ಕಿ ಕಾಳಿನಷ್ಟು. ಅದನ್ನು ಕೊರೆಯುವಾಗ ನಾನೂ ಟೈಲರೂ ಉಸಿರು ಹಿಡಿದಿದ್ದೆವು. ಮುಗಿದ ಮೇಲೆ ಮರದ ಹೊಟ್ಟನ್ನು ಊದಿದೆ. ನನ್ನ ಇಡೀ ವೃತ್ತಿಯಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಅದು ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಅನಾವರಣದ ದಿನ ಮಳೆ ಬಿಡುವು ಕೊಟ್ಟಿತ್ತು. ನಮ್ಮವರೂ ಬಂದಿದ್ದರು. ಲಿಂಡಾ ಮಾತಾಡಿದಳು, ಕೌಂಟಿಯ ದೊಡ್ಡವರು ಮಾತಾಡಿದರು. ಸೈನ್ ಶಾಪಿನ ಮಾತು ಯಾರೂ ಎತ್ತಲಿಲ್ಲ. ಹಲಗೆಯ ಬೋಲ್ಟುಗಳನ್ನು ಕೊನೆಯ ಸಲ ಬಿಗಿಮಾಡಿ ನಾನು ಪಕ್ಕದಲ್ಲೇ ನಿಂತಿದ್ದೆ. ಬಟ್ಟೆ ಎಳೆಯಲು ವಾಲ್ಟರ್ ಮುಂದೆ ಬಂದು, ಒಂದು ತುದಿಯನ್ನು ಡಾರ್ಲೀನ್ ಕೈಗೆ ಕೊಟ್ಟರು. ಇಬ್ಬರೂ ಎಳೆದರು. ಚಪ್ಪಾಳೆಯಾಯಿತು. ವಾಲ್ಟರ್ ಮೊದಲು ಮುತ್ತಾತನ ಹೆಸರನ್ನು ಹುಡುಕಿ ನೋಡಿದರು. ಅದು ಎಲ್ಲಿತ್ತೋ ಅಲ್ಲೇ ಇತ್ತು. ಆಮೇಲೆ ಬೋರ್ಡನ್ನು ಗಟ್ಟಿಯಾಗಿ ಓದತೊಡಗಿದರು. ಹೊಳೆಯ ಹೆಸರಿಗೆ ಬಂದಾಗ ತಡವರಿಸಿ, ಏನೋ ಒಂದು ಹೇಳಿ ಮುಂದೆ ಸಾಗಲು ನೋಡಿದರು.

“ಅಲ್ಲ,” ಎಂದರು ಮುಂದಿನ ಕುರ್ಚಿಯಲ್ಲಿದ್ದ ಚಿಕ್ಕಮ್ಮ. ಊರುಗೋಲು ಹಿಡಿದು ಎದ್ದರು. ಬೋರ್ಡಿನ ಬಳಿ ಹೋಗಿ, ನಾನು ಕೊರೆದ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಆ ಹೆಸರನ್ನು ನಿಧಾನವಾಗಿ ಹೇಳಿದರು. “ಈಗ ನೀನು ಹೇಳು.”

ವಾಲ್ಟರ್ ಹೇಳಿದರು. ಆಕೆ ತಲೆ ಅಡ್ಡ ಆಡಿಸಿ, ಅಕ್ಕಿ ಕಾಳಿನಷ್ಟಿದ್ದ ಆ ಗುರುತನ್ನು ಉಗುರಿನಿಂದ ಮುಟ್ಟಿ ತೋರಿಸಿದರು. “ಇದನ್ನ ಬಿಟ್ಟೆ.” ವಾಲ್ಟರ್ ಮತ್ತೆ ಹೇಳಿದರು. ಮತ್ತೆ ಇಲ್ಲ. ಯಾರೂ ನಗಲಿಲ್ಲ. ಕುರ್ಚಿಗಳಲ್ಲಿ ಕೂತವರೆಲ್ಲ ತುಟಿ ಆಡಿಸುತ್ತ ತಾವೂ ಹೇಳಿಕೊಳ್ಳುತ್ತಿದ್ದುದು ಕಂಡಿತು, ನಮ್ಮವರೂ. ವಾಲ್ಟರ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡು, ಆಕೆಯ ತುಟಿಗಳನ್ನೇ ನೋಡುತ್ತ ಮತ್ತೊಮ್ಮೆ ಹೇಳಿದರು.

ಚಿಕ್ಕಮ್ಮ ತಲೆಯಾಡಿಸಿದರು. “ಹಾಂ,” ಎಂದರು. “ಈಗ ಅದಕ್ಕೆ ಕೇಳಿಸಿತು.” ಕೆಳಗೆ ಹೊಳೆ ಹರಿಯುತ್ತಿತ್ತು.